ಗೊಬ್ಬರದ ಡಬ್ಬಿ ತಿರುವೋರು ಯಾರು?

ಎರಡನೇಮಹಡಿ, ಬೆಂಗಳೂರು | ಭಾನುವಾರ, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಮನೆಯಲ್ಲಿ ನಾವು ಐದು ಜನ. ನಾನು, ಹೆಂಡತಿ, ಅಮ್ಮ, ಏಳನೇ ಕ್ಲಾಸಿನ ಮಗಳು, ಎರಡನೇ ಕ್ಲಾಸಿನ ಮಗ. ನಾನೂ ಹೆಂಡತಿಯೂ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಬಾಡಿಗೆ ಮನೆ, ಎರಡನೇ ಮಹಡಿ, ಎರಡು ಕುರ್ಚಿ ಹಿಡಿಯುವಷ್ಟು ಬಾಲ್ಕನಿ. 2024ರ ಬೇಸಿಗೆಯಲ್ಲಿ ನಮ್ಮ ಬಿಲ್ಡಿಂಗಿನ ಬೋರ್‌ವೆಲ್ ಬತ್ತಿ ಒಂದೂವರೆ ತಿಂಗಳು ಟ್ಯಾಂಕರ್ ನೀರಲ್ಲೇ ಬದುಕಿದೆವು. ಅವತ್ತಿಂದ ನನ್ನ ತಲೆಯಲ್ಲಿ ಒಂದು ಹುಳ ಹೊಕ್ಕಿದೆ. ನಾವು ಬದುಕೋ ರೀತಿ ಸರಿಯಿಲ್ಲ, ಬದಲಾಯಿಸಬೇಕು ಅಂತ.

ಈ ಯುಗಾದಿಗೆ ಎಲ್ಲರನ್ನೂ ಕೂರಿಸಿ, ಬೇವುಬೆಲ್ಲ ಕೊಟ್ಟು, ಒಂದು ಪಟ್ಟಿ ಓದಿದೆ. ಹಸಿ ಕಸ ಮನೆಯಲ್ಲೇ ಗೊಬ್ಬರ. ಪ್ಲಾಸ್ಟಿಕ್ ಕವರ್ ಬಂದ್. ಪಾತ್ರೆಗೆ ಅಂಟವಾಳದ ನೀರು. ಶವರ್ ಬೇಡ, ಬಕೆಟ್. ಅಕ್ಕಿ ತೊಳೆದ ನೀರು ಗಿಡಕ್ಕೆ. ಹೀಗೇ ಒಟ್ಟು ಹದಿನಾಲ್ಕು. ಫ್ರಿಡ್ಜ್ ಮೇಲೆ ಅಂಟಿಸಿದೆ.

ಮೂರು ವಾರ ಆಯಿತು. ಈಗ ತಲೆಯಲ್ಲಿದ್ದ ಹುಳ ಬಾಲ್ಕನಿಗೂ ಬಂದಿದೆ. ಗೊಬ್ಬರದ ಡಬ್ಬಿ ಮುಚ್ಚಳ ತೆಗೆದರೆ ಬಿಳಿ ಹುಳು ಗಿಜಿಗಿಜಿ. ವಾಸನೆ ಅಂತ ಕೆಳಗಿನ ಮನೆಯವರು ಓನರ್ ಕಿವಿಗೆ ಹಾಕಿದ್ದಾರೆ. ಶುಕ್ರವಾರ ರಾತ್ರಿ ಹೆಂಡತಿ ಆ ಪಟ್ಟಿ ಕಿತ್ತು ನನ್ನ ಕೈಗಿಟ್ಟು, "ಪರಿಸರ ನಿಮ್ಮದು, ಕೆಲಸ ನನ್ನದು" ಅಂದಳು. ಎರಡು ದಿನದಿಂದ ಮಾತು ಅಷ್ಟಕ್ಕಷ್ಟೇ.

ಜಗಳ ಆಡದೆ ಇದನ್ನೆಲ್ಲ ಮಾಡುತ್ತಿರುವ ಮನೆಗಳು ಇದ್ದಾವಾ? ಇದ್ದರೆ ಹೇಗೆ ಅಂತ ಹೇಳಿ. ಡಬ್ಬಿಯಂತೂ ಇವತ್ತೇ ಏನಾದರೂ ಮಾಡಬೇಕು.

ತೆಂಗಿನಗರಿ, ಮೈಸೂರು | 10:05

ಮೊದಲು ಹುಳು. ಸಂಸಾರ ಆಮೇಲೆ ನೋಡೋಣ.

ಚಪ್ಪಟೆಯಾಗಿ, ಬೂದುಬಿಳಿ ಬಣ್ಣಕ್ಕೆ, ಮೈಮೇಲೆ ಗೆರೆಗೆರೆ ಇದ್ದರೆ ಅದು ಬ್ಲ್ಯಾಕ್ ಸೋಲ್ಜರ್ ನೊಣದ ಮರಿ. ಕಚ್ಚುವುದಿಲ್ಲ. ಕಸವನ್ನು ನಮಗಿಂತ ಬೇಗ ತಿಂದು ಮುಗಿಸುತ್ತದೆ. ನಾನಂತೂ ಬಿಟ್ಟುಬಿಡುತ್ತೇನೆ. ಆದರೆ ಹುಳುವಿನ ಜೊತೆ ವಾಸನೆಯೂ ಇದೆ ಅಂದರೆ ಒಳಗೆ ನೀರು ಜಾಸ್ತಿ ಆಗಿದೆ, ಗಾಳಿ ಇಲ್ಲ. ಉಳಿದ ಸಾರು, ಹುಳಿ, ಮಜ್ಜಿಗೆ ಅನ್ನ ಹಾಗೇ ಸುರಿಯುತ್ತಿದ್ದೀರಿ ತಾನೇ?

ಇವತ್ತು ಹೀಗೆ ಮಾಡಿ. ಡಬ್ಬಿಯಲ್ಲಿರುವುದನ್ನೆಲ್ಲ ಹಳೇ ಪೇಪರ್ ಮೇಲೆ ಸುರಿಯಿರಿ. ಅಷ್ಟೇ ಪ್ರಮಾಣದ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಕಲಸಿ. ಒಂದು ಹಿಡಿ ತೆಗೆದು ಜೋರಾಗಿ ಹಿಂಡಿ. ನೀರು ಧಾರೆಯಾಗಿ ಬಂದರೆ ಇನ್ನೂ ಒಣಗಿದ್ದು ಬೇಕು. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿಯಾಗಿದೆ. ಮೇಲೆ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿ. ಡಬ್ಬಿ ಪಕ್ಕಕ್ಕೂ ತಳಕ್ಕೂ ತೂತು ಇರಲಿ. ಬಾಯಿಗೆ ಹಳೇ ಸೀರೆ ತುಂಡು ಕಟ್ಟಿದರೆ ನೊಣ ಮೊಟ್ಟೆ ಇಡುವುದಿಲ್ಲ.

ಇನ್ನು ಮೇಲೆ ಒಂದು ಬಟ್ಟಲು ಹಸಿ ಕಸಕ್ಕೆ ಒಂದು ಬಟ್ಟಲು ತರಗೆಲೆ. ತರಗೆಲೆ ದುಡ್ಡು ಕೊಟ್ಟು ತರಬೇಡಿ. ಪಾರ್ಕ್ ಗುಡಿಸುವವರನ್ನು ಕೇಳಿದರೆ ಒಂದು ಮೂಟೆ ಸಿಗುತ್ತದೆ. ಸಾರನ್ನು ಸೋಸಿ ಚರಟ ಮಾತ್ರ ಹಾಕಿ. ಮೂರು ದಿನಕ್ಕೊಮ್ಮೆ ಬುಡ ಮೇಲು ಮಾಡಿ ತಿರುವಬೇಕು, ಅದು ತಪ್ಪಬಾರದು. ಎರಡು ತಿಂಗಳೊಳಗೆ ಮಳೆ ಬಿದ್ದ ಮಣ್ಣಿನ ಘಮ ಬರುತ್ತದೆ.

ಕೌದಿ, ಧಾರವಾಡ | 10:31

ತಿರುವುವುದು ತಪ್ಪಬಾರದು, ಸರಿ. ತಿರುವೋರು ಯಾರು?

ಎರಡನೇಮಹಡಿಯವರೇ, ಒಂದೇ ಪ್ರಶ್ನೆ. ಆ ಹದಿನಾಲ್ಕರಲ್ಲಿ ನೀವು ಕೈಯಾರೆ ಮಾಡೋದು ಎಷ್ಟು?

ಎರಡನೇಮಹಡಿ | 10:38

ಎರಡು. ಬಟ್ಟೆ ಚೀಲ ಒಯ್ಯೋದು. ಪಟ್ಟಿ ಬರೆದದ್ದು.

ಕೌದಿ, ಧಾರವಾಡ | 11:10

ಪ್ರಾಮಾಣಿಕರಿದ್ದೀರಿ, ಸಂತೋಷ.

ನಾನು ಹುಟ್ಟಿ ಬೆಳೆದದ್ದು ಹುಬ್ಬಳ್ಳಿ. ನಾನು ಸಣ್ಣವಳಿದ್ದಾಗ ನಲ್ಲಿ ನೀರು ಎಂಟು ದಿನಕ್ಕೊಮ್ಮೆ. ನೀರು ಉಳಿಸುವುದನ್ನು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮುಖ ತೊಳೆದ ನೀರು ಕೆಳಗಿಟ್ಟ ಬುಟ್ಟಿಗೆ ಬೀಳುತ್ತಿತ್ತು, ಅದು ಸಂಡಾಸಿಗೆ ಹೋಗುತ್ತಿತ್ತು. ಕಾಯಿಪಲ್ಯ ತೊಳೆದ ನೀರು ತುಳಸಿಕಟ್ಟೆಗೆ, ಬಟ್ಟೆ ಹಿಂಡಿದ ನೀರು ಅಂಗಳಕ್ಕೆ. ನಲ್ಲಿ ಬರುವ ಹೊತ್ತು ರಾತ್ರಿ ಎರಡಾದರೂ ಆಗಬಹುದು, ಮೂರಾದರೂ ಆಗಬಹುದು. ಎದ್ದು ಕೊಡ ತುಂಬುತ್ತಿದ್ದದ್ದು ಅವ್ವ. ಒಂದು ದಿನವೂ ಅಪ್ಪ ಎದ್ದದ್ದು ನನಗೆ ನೆನಪಿಲ್ಲ. ಈಗ ಅದೇ ಅಪ್ಪ ಎಲ್ಲರ ಮುಂದೆ "ನಾವು ಹನಿ ನೀರು ಹಾಳು ಮಾಡಿದವರಲ್ಲ" ಅನ್ನುತ್ತಾರೆ. ಅವ್ವ ಒಳಗಿನಿಂದ ಬರೀ ನಗುತ್ತಾಳೆ.

ನನ್ನ ಹೆಸರು ಕೌದಿ ಅಂತ ಇಟ್ಟುಕೊಂಡಿದ್ದೇನಲ್ಲ, ಅದೂ ಅಷ್ಟೇ. ಹರಿದ ಸೀರೆ ಪದರ ಪದರ ಹಾಕಿ ಹೊಲಿದ ಹೊದಿಕೆ. ಈಗ ಎಲ್ಲರಿಗೂ ಅದು ಬಹಳ ಚಂದ. ಅದನ್ನು ಹೊಲಿಯಲು ನಮ್ಮ ಓಣಿಯ ಹೆಂಗಸರ ಎಷ್ಟು ಮಧ್ಯಾಹ್ನ ಹೋಗುತ್ತಿತ್ತು ಅಂತ ಲೆಕ್ಕ ಇಟ್ಟವರಿಲ್ಲ.

ಕಸ ಬೇರೆ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಪಟ್ಟಿಯ ಪಕ್ಕ ಇನ್ನೊಂದು ಗೆರೆ ಎಳೆದು ಹೆಸರು ಬರೆಯಿರಿ ಅಂತಿದ್ದೇನೆ.

ಲೆಕ್ಕದಮನುಷ್ಯ, ಬೆಂಗಳೂರು | 12:20

ಕೌದಿ ಅಕ್ಕ ಹೇಳಿದ್ದಕ್ಕೆ ನಾನು ಒಂದು ಲೆಕ್ಕ ಸೇರಿಸುತ್ತೇನೆ. ಮನೆಯಲ್ಲಿ ಮಾಡುವುದನ್ನು ಎರಡು ಥರ ನೋಡಿ. ಒಂದು ಸಲ ಮಾಡಿ ಮರೆಯುವುದು. ದಿನಾ ಮಾಡಬೇಕಾದದ್ದು. ಎಲ್ಲರೂ ಎರಡನೆಯದರಿಂದ ಶುರು ಮಾಡಿ ಮೂರು ವಾರಕ್ಕೆ ಸುಸ್ತಾಗುತ್ತಾರೆ.

ಮರೆತುಬಿಡುವ ಕೆಲಸ ಒಂದು: ನಲ್ಲಿಯ ತುದಿಗೆ ಹಾಕುವ ಏರೇಟರ್ ಜಾಲರಿ. ನಮ್ಮ ಅಡುಗೆಮನೆ ನಲ್ಲಿ ಕೆಳಗೆ ಬಕೆಟ್ ಇಟ್ಟು ಮೊಬೈಲಿನಲ್ಲಿ ನಿಮಿಷ ಎಣಿಸಿದೆ. ಮೊದಲು ನಿಮಿಷಕ್ಕೆ 11 ಲೀಟರ್. ಜಾಲರಿ ಹಾಕಿದ ಮೇಲೆ 4. ಪಾತ್ರೆ ಅಷ್ಟೇ ಚೆನ್ನಾಗಿ ತೊಳೆಯುತ್ತದೆ, ಗಾಳಿ ಸೇರಿರುವುದರಿಂದ ನೀರು ತುಂಬಿ ಬಂದ ಹಾಗೇ ಕಾಣುತ್ತದೆ. ಅದೇ 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲುಗಳಿಗೆ ಇದನ್ನು ಕಡ್ಡಾಯ ಮಾಡಿತ್ತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿದ್ದೂ ಆಗಲೇ. ದಂಡ ಎಲ್ಲರಿಗೂ ನೆನಪಿದೆ, ಜಾಲರಿ ಯಾರಿಗೂ ನೆನಪಿಲ್ಲ.

ಎರಡು: ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಮಷೀನು. ಸಾಮಾನ್ಯ ಮನೆ ಮಷೀನು ಒಂದು ಲೀಟರ್ ಕುಡಿಯುವ ನೀರು ಕೊಡಲು ಸುಮಾರು ಮೂರು ಲೀಟರ್ ಆಚೆ ಬಿಡುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 15 ಲೀಟರ್ ಅಂತ ಇಟ್ಟುಕೊಳ್ಳಿ. 45 ಲೀಟರ್ ಮೋರಿಗೆ. ತಿಂಗಳಿಗೆ 1,350 ಲೀಟರ್. ನಿಮಗೆ ಕಾವೇರಿ ನೀರು ಬರುತ್ತಿದ್ದರೆ ಇದರ ಅಗತ್ಯವೇ ಇರುವುದಿಲ್ಲ. ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಲವಣಗಳ ಪ್ರಮಾಣ, ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವ ಕಡೆ ಆರ್‌ಒ ಬೇಡ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಕಾವೇರಿ ನೀರಿನದು ಅದಕ್ಕಿಂತ ಬಹಳ ಕೆಳಗೆ. ಬೋರ್‌ವೆಲ್ ನೀರಾದರೆ ಮಾತ್ರ ಮೊದಲು ಪರೀಕ್ಷೆ ಮಾಡಿಸಿ, ಸುಮ್ನೆ ಕಿತ್ತುಹಾಕಬೇಡಿ.

ಮೂರು: ಫ್ಯಾನು. ಹಳೇ ಫ್ಯಾನು 75 ವ್ಯಾಟ್, ಕಡಿಮೆ ಕರೆಂಟ್ ಎಳೆಯುವ ಬಿಎಲ್‌ಡಿಸಿ ಫ್ಯಾನು 30 ವ್ಯಾಟ್ ಹತ್ತಿರ. ನಾಲ್ಕು ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 65 ಯೂನಿಟ್ ವ್ಯತ್ಯಾಸ. ಮನೆ ಬಿಡುವಾಗ ಫ್ಯಾನನ್ನೂ ಬಿಚ್ಚಿಕೊಂಡು ಹೋಗಬಹುದು, ಬಾಡಿಗೆದಾರರಿಗೆ ಇದೇ ಒಳ್ಳೆಯದು.

ಇವು ಮೂರಕ್ಕೂ ಒಂದು ಭಾನುವಾರ ಸಾಕು. ನಿಮ್ಮ ಮನೆಯವರು ಏನೂ ಮಾಡಬೇಕಿಲ್ಲ.

ಸಂಶಯಪಿಶಾಚಿ, ತುಮಕೂರು | 12:47

ಗೃಹಜ್ಯೋತಿ ಬಂದ ಮೇಲೆ ನಮ್ಮ ಬಿಲ್ಲೇ ಸೊನ್ನೆ. 65 ಯೂನಿಟ್ ಉಳಿಸಿ ನನಗೇನು ಲಾಭ ಸ್ವಾಮಿ?

ಇನ್ನೊಂದು. ನಾವು ಹಸಿ ಬೇರೆ ಒಣ ಬೇರೆ ಮಾಡಿ ಕೊಡುತ್ತೇವೆ. ಗಾಡಿಯವನು ನನ್ನ ಕಣ್ಣೆದುರೇ ಎರಡನ್ನೂ ಒಂದೇ ಕಡೆ ಸುರಿಯುತ್ತಾನೆ. ಇದೆಲ್ಲ ನಮ್ಮ ಸಮಾಧಾನಕ್ಕೆ ಮಾತ್ರ.

ಲೆಕ್ಕದಮನುಷ್ಯ | 1:15

ಗೃಹಜ್ಯೋತಿಯಲ್ಲಿ ಕರೆಂಟ್ ಉಚಿತ ಸಿಗುವುದು 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ, ಅಷ್ಟಕ್ಕೆ ಮಾತ್ರ. ಅದನ್ನು ದಾಟಿದರೆ ಹೆಚ್ಚಿನದ್ದಕ್ಕೆ ದುಡ್ಡು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಬೇಸಿಗೆಯಲ್ಲಿ ಕೂಲರ್ ಹಾಕಿದ ಎಷ್ಟೋ ಮನೆ ಗಡಿ ದಾಟಿ ಒದ್ದಾಡಿದ್ದು ನೋಡಿದ್ದೇನೆ. ಫ್ಯಾನು ಬದಲಾಯಿಸಿದರೆ ಆ ಗಡಿ ದೂರ ಹೋಗುತ್ತದೆ.

ಗೀಸರ್ ಲೆಕ್ಕವೂ ಕೇಳಿ. ಒಂದು ಬಕೆಟ್, ಅಂದರೆ 20 ಲೀಟರ್ ನೀರನ್ನು 20 ಡಿಗ್ರಿ ಮೇಲಕ್ಕೆ ಏರಿಸಲು ಸುಮಾರು ಅರ್ಧ ಯೂನಿಟ್ ಬೇಕು. ಐದು ಜನರ ಸ್ನಾನಕ್ಕೆ ದಿನಕ್ಕೆ ಎರಡೂವರೆ ಯೂನಿಟ್. ನಾಲ್ಕು ಫ್ಯಾನು ಬದಲಾಯಿಸಿ ಉಳಿಸುವುದಕ್ಕಿಂತ ಜಾಸ್ತಿ!

ಹಳೇಮೇಷ್ಟ್ರು, ಬೆಂಗಳೂರು | 2:30

ಊಟ ಮುಗಿಸಿ ಕೂತೆ. ಸಂಶಯ ಪಡುವ ತುಮಕೂರಿನವರಿಗೆ ಒಂದು ಮಾತು.

ನಾನು ಮೇಷ್ಟ್ರಾಗಿದ್ದದ್ದು ಬೆಂಗಳೂರಿನ ಪೂರ್ವದ ಅಂಚಿನಲ್ಲಿ, ಮಂಡೂರಿನಿಂದ ದೂರವಿಲ್ಲ. ಊರಿನ ಕಸವನ್ನೆಲ್ಲ ಆಗ ಅಲ್ಲಿ ತಂದು ಸುರಿಯುತ್ತಿದ್ದರು. ಉತ್ತರಕ್ಕೆ ಮಾವಳ್ಳಿಪುರದಲ್ಲಿಯೂ ಹಾಗೇ. ಮಾವಳ್ಳಿಪುರ 2012ರಲ್ಲಿ ನಿಂತಿತು. ಮಂಡೂರಿನವರು ಲಾರಿ ತಡೆದು ಕೂತು ಕೂತು 2014ರ ಕೊನೆಗೆ ಅದನ್ನೂ ನಿಲ್ಲಿಸಿದರು. ಆ ಭಾಗದ ಮಕ್ಕಳು ಕ್ಲಾಸಿಗೆ ಬರುವಾಗ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಬರುತ್ತಿದ್ದರು. ಕಿಟಕಿ ತೆಗೆದರೆ ನೊಣ, ಮುಚ್ಚಿದರೆ ಸೆಕೆ. ಗುಡ್ಡದಷ್ಟಿದ್ದ ಆ ಕಸ ಅಷ್ಟು ನಾರುತ್ತಿದ್ದದ್ದು ಯಾಕೆ? ಅನ್ನ, ತರಕಾರಿ ಸಿಪ್ಪೆ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಕೊಳೆತದ್ದಕ್ಕೆ.

ಆಮೇಲೆ 2015ರ ಡಿಸೆಂಬರಿನಲ್ಲಿ ಹೈಕೋರ್ಟು ಎರಡು ಬುಟ್ಟಿ ಒಂದು ಚೀಲ ಅಂದಿತು. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡು, ಡೈಪರು, ಬ್ಯಾಂಡೇಜು, ಚೀಲಕ್ಕೆ ಒಣ ಕಸ. ಗಾಡಿಯವರು ಕಲಸುವುದು ತಪ್ಪೇ. ನಮ್ಮ ಬೀದಿಯಲ್ಲಿಯೂ ಕಲಸುತ್ತಿದ್ದರು. ನಾವು ನಾಲ್ಕು ಮುದುಕರು ಬೆಳಿಗ್ಗೆ ಗಾಡಿ ಬರುವ ಹೊತ್ತಿಗೆ ಕಾಫಿ ಲೋಟ ಹಿಡಿದು ಗೇಟಿನಲ್ಲಿ ನಿಂತೆವು. ಜಗಳ ಆಡಲಿಲ್ಲ. ಸುಮ್ಮನೆ ನಿಂತು ನೋಡಿದೆವು. ಎರಡು ವಾರದಲ್ಲಿ ಗಾಡಿಯೊಳಗೆ ಒಂದು ಅಡ್ಡ ಹಲಗೆ ಬಂತು.

ಹಸಿ ಕಸ ಮನೆ ಬಿಟ್ಟು ಹೋಗದೇ ಇದ್ದರೆ ಈ ಪ್ರಶ್ನೆಯೇ ಬರುವುದಿಲ್ಲ, ಬಿಡಿ.

ಸಂಶಯಪಿಶಾಚಿ | 2:41

ಕಾಫಿ ಲೋಟದ ಐಡಿಯಾ ಚೆನ್ನಾಗಿದೆ ಮೇಷ್ಟ್ರೇ. ಉಳಿದದ್ದಕ್ಕೆ ನನ್ನ ಸಂಶಯ ಹಾಗೇ ಇದೆ.

ಶಿರಸಿಮನೆ, ಪುಣೆ | 3:05

ನಮ್ಮ ಊರ ಕಡೆ ಇದಾವುದೂ ಸಮಸ್ಯೆಯೇ ಅಲ್ಲ. ಶಿರಸಿ, ಸಿದ್ದಾಪುರದ ಕಡೆ ಗೋಬರ್ ಗ್ಯಾಸ್ ಇರುವ ಮನೆ ಎಷ್ಟು ಬೇಕಾದರೂ ಸಿಗುತ್ತವೆ. ಎರಡು ಘನ ಮೀಟರಿನ ಗುಂಡಿಗೆ ದಿನಕ್ಕೆ 50 ಕೆ.ಜಿ. ಸಗಣಿ ಹಾಕಿದರೆ ಒಂದು ಮನೆಯ ಅಡುಗೆ ಆಗುತ್ತದೆ. ಆಚೆ ಬರುವ ಬಗ್ಗಡ ಅಡಿಕೆ ತೋಟಕ್ಕೆ. ಬಚ್ಚಲ ನೀರು ಹೋಗುವ ಕಡೆ ಬಾಳೆ, ಕೆಸು, ಬಸಳೆ ಚಪ್ಪರ. ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು, ಆಕಳಿಗೆ. ಬಚ್ಚಲ ಹಂಡೆಗೆ ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ. ಅಡುಗೆಮನೆಯಲ್ಲಿ ಅಸ್ತ್ರ ಒಲೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯವರು ಮಾಡಿದ್ದು, ಹೊಗೆ ಕೊಳವೆಯಲ್ಲಿ ಮೇಲೆ ಹೋಗುತ್ತದೆ, ಕಟ್ಟಿಗೆಯೂ ಕಡಿಮೆ. ಕಸ ಅನ್ನುವ ಶಬ್ದವೇ ನಮ್ಮ ಮನೆಯಲ್ಲಿ ಇರಲಿಲ್ಲ.

ಪೇಟೆಯವರು ಹಳ್ಳಿಗೆ ಹೋಗಿ ಕಲಿಯಬೇಕು.

ಕೌದಿ, ಧಾರವಾಡ | 3:12

ಓದಿ ಖುಷಿಯಾಯಿತು. ಆ 50 ಕೆ.ಜಿ. ಸಗಣಿ ಕಲಸುತ್ತಿದ್ದವರು ಯಾರು?

ಶಿರಸಿಮನೆ, ಪುಣೆ | 3:40

ಆಯಿ.

ಅಮ್ಮ ಬೆಳಿಗ್ಗೆ ಐದಕ್ಕೆ ಕೊಟ್ಟಿಗೆಗೆ ಹೋದರೆ ಏಳರವರೆಗೆ. ಮಳೆಗಾಲದಲ್ಲಿ ಕಾಲ ಬೆರಳ ಸಂದಿ ಕೊಳೆತು ಹಳದಿ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದಳು. ನಾನು ಬರೆಯುವಾಗ ಅದು ನೆನಪಿಗೇ ಬರಲಿಲ್ಲ. ಈಗ ಆಕಳು ಒಂದೇ ಇದೆ, ಗುಂಡಿ ಮುಚ್ಚಿದ್ದಾರೆ, ಸಿಲಿಂಡರ್ ಬಂದಿದೆ. ನಾನು ಊರಿಗೆ ಹೋದಾಗಲೆಲ್ಲ "ಗೋಬರ್ ಗ್ಯಾಸ್ ಯಾಕೆ ಬಿಟ್ಟಿರಿ" ಅಂತ ಕೇಳುತ್ತಿದ್ದೆ. ಇನ್ನು ಕೇಳುವುದಿಲ್ಲ ಮಾರಾಯ್ತಿ.

ಫ್ರಾಂಕ್‌ಫರ್ಟ್‌ಪಾಪು | 4:50

ಜರ್ಮನಿಯಿಂದ ನಮಸ್ಕಾರ. ಇಲ್ಲಿಯ ಜನ ಹುಟ್ಟಾ ಶಿಸ್ತಿನವರು ಅಂತ ನಾನೂ ಅಂದುಕೊಂಡು ಬಂದೆ. ಹಾಗೇನಿಲ್ಲ. ಪ್ಲಾಸ್ಟಿಕ್ ನೀರಿನ ಬಾಟಲಿ ಕೊಂಡರೆ ಮೇಲೆ 25 ಸೆಂಟ್ ಠೇವಣಿ ಕಟ್ಟಬೇಕು. ಖಾಲಿ ಬಾಟಲಿಯನ್ನು ಅಂಗಡಿಯ ಮಷೀನಿಗೆ ಹಾಕಿದರೆ ಅದು ವಾಪಸ್. 2003ರಿಂದ ಹೀಗೆ. ನಮ್ಮ ಮನೆಯಲ್ಲಿ ಆ ಕೆಲಸ ಮಗನದ್ದು, ಬಂದ ದುಡ್ಡೂ ಅವನದ್ದೇ. ಒಂದು ಬಾಟಲಿ ಬಿಡುವುದಿಲ್ಲ. ಪಾರ್ಕಿನಲ್ಲಿ ಬೇರೆಯವರು ಬಿಟ್ಟದ್ದನ್ನೂ ಎತ್ತಿಕೊಂಡು ಬಂದಾಗ ನನಗೆ ನಾಚಿಕೆಯಾಗಿ ಬೈದೆ. ಆಮೇಲೆ ಯೋಚಿಸಿದರೆ, ನಾನು ಚಿಕ್ಕವನಿದ್ದಾಗ ದಾವಣಗೆರೆಯಲ್ಲಿ ಸೋಡಾ ಬಾಟಲಿ ವಾಪಸ್ ಕೊಟ್ಟು ಶುಂಠಿ ಪೆಪ್ಪರ್‌ಮಿಂಟು ತಿಂದಿದ್ದೆ. ಅದೂ ಇದೇ ಅಲ್ವಾ?

ಮಕ್ಕಳಿಗೆ ಉಪದೇಶ ಮಾಡಬೇಡಿ ಅಂತ ಹೇಳಲು ಬಂದೆ. ರದ್ದಿ ಪೇಪರ್ ದುಡ್ಡು ಅವರಿಗೆ ಬಿಟ್ಟುಕೊಡಿ.

ತೊಟ್ಟಿಲು, ಶಿವಮೊಗ್ಗ | 6:15

ನನಗೆ ಏಳು ತಿಂಗಳ ಮಗು. ಡೈಪರ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಹಗಲು ಬಟ್ಟೆ ಲಂಗೋಟಿ, ರಾತ್ರಿ ಮಾತ್ರ ಡೈಪರ್ ಅಂತ ಮಾಡಿಕೊಂಡಿದ್ದೇನೆ. ಆದರೂ ಒಬ್ಬರು ಬಂದವರು "ಅಯ್ಯೋ, ಭೂಮಿ ಹಾಳು" ಅಂದು ಹೋದರು. ನಿದ್ದೆಗೆಟ್ಟ ಬಾಣಂತಿಗೆ ಭೂಮಿಯ ಭಾರ ಬೇರೆ.

ಕೌದಿ | 6:22

ರಾತ್ರಿ ಡೈಪರ್ ಹಾಕಿ, ಮಲಗಿಬಿಡಿ ತಂಗಿ. ಬಂದವರಿಗೆ ಒಂದು ಬಕೆಟ್ ಲಂಗೋಟಿ ಒಗೆಯಲು ಕೊಡಿ.

ತೆಂಗಿನಗರಿ | 6:40

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಬಳಸಿದ ಡೈಪರ್, ಪ್ಯಾಡ್ ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗುರುತು ಹಾಕಿ ಬೇರೆಯೇ ಕೊಡಿ. ಒಣ ಕಸ ವಿಂಗಡಿಸುವ ಹೆಂಗಸರು ಬರಿಗೈಯಲ್ಲಿ ಪ್ರತಿ ಪೊಟ್ಟಣ ಬಿಚ್ಚಿ ನೋಡುತ್ತಾರೆ. ಕೆಂಪು ಗುರುತು ಕಂಡರೆ ಮುಟ್ಟುವುದಿಲ್ಲ. ಎರಡು ಸೆಕೆಂಡಿನ ಕೆಲಸ.

ಹಾಲಿನ ಪ್ಯಾಕೆಟ್ ಕೂಡ. ಮೂಲೆ ಪೂರ್ತಿ ಕತ್ತರಿಸಬೇಡಿ, ಅರ್ಧ ಕತ್ತರಿಸಿ ಅಲ್ಲೇ ಅಂಟಿಕೊಂಡಿರಲಿ. ಆ ಉಗುರಿನಷ್ಟು ಚೂರು ಯಾರ ಕೈಗೂ ಸಿಗುವುದಿಲ್ಲ, ನೇರ ಮೋರಿಗೆ ಹೋಗುತ್ತದೆ. ಪ್ಯಾಕೆಟ್ ತೊಳೆದ ನೀರನ್ನು ನಾನು ಕರಿಬೇವಿನ ಗಿಡಕ್ಕೆ ಹಾಕುತ್ತೇನೆ. ಪ್ಯಾಕೆಟ್ಟನ್ನು ಒಲೆ ಹಿಂದಿನ ಟೈಲ್ಸಿಗೆ ಅಂಟಿಸಿದರೆ ಬೆಳಗಾಗುವಷ್ಟರಲ್ಲಿ ಒಣಗಿ ತಾನೇ ಬೀಳುತ್ತದೆ.

ಎರಡನೇಮಹಡಿ | ರಾತ್ರಿ 9:30

ಎಲ್ಲ ಓದಿದೆ. ಡಬ್ಬಿ ಸುರಿದು ತರಗೆಲೆ ಕಲಸಿದ್ದು ನಾನೇ. ಹಿಂಡಿದಾಗ ಧಾರೆ ಧಾರೆ ನೀರು ಬಂತು, ತೆಂಗಿನಗರಿ ಅಕ್ಕ ಹೇಳಿದ್ದು ಸರಿ. ವಾಂತಿ ಬರುವ ಹಾಗಾಯಿತು. ಮೂರು ವಾರ ಇದನ್ನು ನನ್ನ ಹೆಂಡತಿ ದಿನಾ ಮುಚ್ಚಳ ತೆಗೆದು ನೋಡುತ್ತಿದ್ದಳು ಅಂತ ಆಗ ಹೊಳೆಯಿತು.

ಅಂಟವಾಳದ ಬಗ್ಗೆ ಅಮ್ಮನನ್ನು ಕೇಳಿದೆ. "ಚಿಕ್ಕವಳಿದ್ದಾಗ ತಲೆಗೆ ಸೀಗೆಪುಡಿ, ರೇಷ್ಮೆ ಸೀರೆಗೆ ಅಂಟವಾಳ. ಪಾತ್ರೆಗೆ ಬೂದಿ, ಹುಣಸೆಹಣ್ಣು. ಉಜ್ಜಿ ಉಜ್ಜಿ ಕೈ ಸೀಳುತ್ತಿತ್ತು. ನಿನಗೆ ಬೇಕಾದರೆ ನೀನು ಉಜ್ಜು" ಅಂದರು. ಆ ಐಟಂ ಹೊಡೆದುಹಾಕಿದೆ.

ಮಿಕ್ಸಿಜಾರ್, ಮಂಗಳೂರು | ಸೋಮವಾರ, ಬೆಳಿಗ್ಗೆ 7:50

ನಿನ್ನೆ ನೋಡಿರಲಿಲ್ಲ. ಕಸದ ಬಗ್ಗೆ ಇಷ್ಟು ಮಾತಾಡಿದಿರಿ, ಕಸ ಕಡಿಮೆ ಮಾಡುವ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಸಿಪ್ಪೆ ಬಿಸಾಡುವುದೇ ಕಡಿಮೆ. ಹೀರೆಕಾಯಿ ಸಿಪ್ಪೆ ಚಟ್ನಿ ಎಲ್ಲರಿಗೂ ಗೊತ್ತು. ಕಲ್ಲಂಗಡಿಯ ಕೆಂಪು ತಿಂದ ಮೇಲೆ ಉಳಿಯುವ ಬಿಳಿ ಭಾಗವನ್ನು ಅಕ್ಕಿ ಜೊತೆ ರುಬ್ಬಿ ದೋಸೆ ಮಾಡಿ, ಹತ್ತಿಯ ಹಾಗೆ ಮೆತ್ತಗೆ ಬರುತ್ತದೆ. ಮಾವಿನ ಗೊರಟಿನೊಳಗಿನ ಬೀಜ ತಂಬುಳಿಗೆ. ಹಲಸಿನ ಬೀಜ ಸಾರಿಗೆ. ಬಾಳೆಕಾಯಿ ಸಿಪ್ಪೆ ಪಲ್ಯ. ಕೊತ್ತಂಬರಿ ಕಡ್ಡಿ ರಸಂಗೆ.

ದೊಡ್ಡ ಕಸ ಸಿಪ್ಪೆಯದ್ದಲ್ಲ, ಉಳಿದ ಅನ್ನದ್ದು. ನನ್ನ ಗಂಡ ಒಂದು ತಿಂಗಳು ರಾತ್ರಿ ಪಾತ್ರೆ ಖಾಲಿ ಮಾಡುವ ಕೆಲಸ ವಹಿಸಿಕೊಂಡರು. ಬಿಸಾಡುವವರು ಅವರೇ ಆದ ಮೇಲೆ "ಅರ್ಧ ಪಾವು ಕಡಿಮೆ ಹಾಕು" ಅಂತ ಅವರೇ ಹೇಳಲು ಶುರು ಮಾಡಿದರು.

ಗಾಜಿನಸೀಸೆ, ಹಾಸನ | 8:30

ಬಯೋಎಂಜೈಮ್, ಅಂದರೆ ಹಣ್ಣಿನ ಸಿಪ್ಪೆ ಹುಳಿಸಿ ಮಾಡುವ ಕ್ಲೀನರ್, ಮಾಡುವವರಿಗೆ ಎಚ್ಚರಿಕೆ. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಕಿತ್ತಳೆ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು. ನೆಲ ಒರೆಸಲು ಬಹಳ ಚೆನ್ನಾಗಿರುತ್ತದೆ. ಆದರೆ ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು. ನಾನು ಗಾಜಿನ ಸೀಸೆಯಲ್ಲಿ ಹಾಕಿ ಫ್ರಿಡ್ಜ್ ಮೇಲಿಟ್ಟು ತವರಿಗೆ ಹೋದೆ. ರಾತ್ರಿ ಢಮ್ ಅಂದಿತಂತೆ. ಮಾವನವರು ಕಳ್ಳ ಅಂತ ದೊಣ್ಣೆ ಹಿಡಿದು ಬಂದರಂತೆ. ಸೀಲಿಂಗ್ ಮೇಲೆ ಇವತ್ತಿಗೂ ಕಂದು ಕಲೆ ಇದೆ. ಪ್ಲಾಸ್ಟಿಕ್ ಬಾಟಲಿಯಲ್ಲೇ ಮಾಡಿ, ಕಾಲು ಭಾಗ ಖಾಲಿ ಬಿಡಿ.

ಹಳೇಮೇಷ್ಟ್ರು | 11:00

ಸ್ವಂತ ಮನೆ ಇರುವವರಿಗೆ ಮಳೆ ನೀರಿನ ವಿಷಯ ಹೇಳಿ ಮುಗಿಸುತ್ತೇನೆ. ಸಾವಿರ ಚದರಡಿ ತಾರಸಿಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು 2,300 ಲೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಬೀಳುತ್ತದೆ. ಸೋರಿ, ಆವಿಯಾಗಿ ಹೋದದ್ದು ಕಳೆದರೂ 70,000 ಲೀಟರ್ ದಾಟುತ್ತದೆ. ಆ 2024ರ ಬೇಸಿಗೆಯಲ್ಲಿ 12,000 ಲೀಟರಿನ ಟ್ಯಾಂಕರಿಗೆ ಐದು ಕಿ.ಮೀ. ಒಳಗೆ ಸರ್ಕಾರ ಕಟ್ಟಿದ ದರ 1,000 ರೂಪಾಯಿ. ಆರು ಟ್ಯಾಂಕರ್ ನೀರು ತಾರಸಿಯಿಂದ ಇಳಿದು ಮೋರಿಗೆ ಹೋಗುತ್ತಿದೆ ಅಂತಾಯಿತು.

ನಾನು ಮಾಡಿಸಿದ್ದು ಮೂರಡಿ ಅಗಲ, ಇಪ್ಪತ್ತು ಅಡಿ ಆಳದ ಇಂಗುಬಾವಿ. ಯಂತ್ರ ಬರಲಿಲ್ಲ, ಬಾವಿ ತೋಡುವುದನ್ನೇ ಕಸುಬು ಮಾಡಿಕೊಂಡ ಕುಟುಂಬದವರು ಮೂವರು ಬಂದು ಮೂರು ದಿನದಲ್ಲಿ ತೋಡಿ ಸಿಮೆಂಟ್ ರಿಂಗ್ ಇಳಿಸಿದರು. ಒಬ್ಬರು ಒಳಗೆ, ಇಬ್ಬರು ಮೇಲೆ. ಮಣ್ಣಿನ ಬಣ್ಣ ಬದಲಾಗುವುದನ್ನು ನೋಡಿ ನೀರು ಎಲ್ಲಿ ಇಂಗುತ್ತದೆ ಅಂತ ಹೇಳಿದರು. ಮೊದಲ ಮಳೆಯ ಕೊಳೆ ನೀರನ್ನು ಆಚೆ ಬಿಡುವ ಒಂದು ಅಡ್ಡ ಪೈಪು ಹಾಕಿಸುವುದನ್ನು ಮಾತ್ರ ಮರೆಯಬೇಡಿ. ನೋಡಿ ತಿಳಿಯಬೇಕು ಅಂದರೆ ಜಯನಗರ ಐದನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆ ನೀರು ಕೊಯ್ಲು ಪಾರ್ಕ್ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಿ.

ಎರಡನೇಮಹಡಿ | ಏಳು ವಾರದ ನಂತರ, ಶನಿವಾರ ಸಂಜೆ 6:10

ಏನಾಯಿತು ಅಂತ ಕೆಲವರು ಕೇಳಿದ್ದಿರಿ.

ಹೊಸ ಪಟ್ಟಿ ಬರೆದವಳು ಹೆಂಡತಿ. ಬರೀ ಐದು ಸಾಲು, ಪಕ್ಕದಲ್ಲಿ ಹೆಸರು. ಗೊಬ್ಬರದ ಡಬ್ಬಿ: ನಾನು. ಒಣ ಕಸ, ರದ್ದಿ, ಅದರ ದುಡ್ಡು: ಮಗಳು. ಆ ದುಡ್ಡು ಬಂದ ಮೇಲೆ ಹಾಲಿನ ಪ್ಯಾಕೆಟ್ಟನ್ನು ಅವಳೇ ತೊಳೆಯುತ್ತಾಳೆ. ಟೈಲ್ಸಿಗೆ ಅಂಟಿಸುವ ಕೆಲಸ ಮಗನಿಗೆ, ಒಂದು ದಿನ ಟಿ.ವಿ. ಮೇಲೂ ಅಂಟಿಸಿದ್ದ. ರಾತ್ರಿ ಉಳಿದ ಅನ್ನದ ಲೆಕ್ಕ: ಅಮ್ಮ. ಅಮ್ಮನ ಲೆಕ್ಕ ಬಹಳ ಬಿಗಿ, ಈಗ ಬೆಳಿಗ್ಗೆ ಚಿತ್ರಾನ್ನಕ್ಕೆ ಅನ್ನವೇ ಉಳಿಯುವುದಿಲ್ಲ ಅಂತ ಮಕ್ಕಳಿಗೆ ಬೇಜಾರು. ಐದನೇ ಸಾಲಿನಲ್ಲಿ ಹೆಂಡತಿಯ ಹೆಸರು, ಅದರ ಮುಂದೆ "ಮೇಲ್ವಿಚಾರಣೆ" ಅಂತ ಇದೆ.

ಆರ್‌ಒ ತೆಗೆದಿಲ್ಲ. ನಮ್ಮದು ಕಾವೇರಿ, ಬೋರ್‌ವೆಲ್ ಎರಡೂ ಬೆರೆತು ಬರುತ್ತದೆ. ಹೊರಬರುವ ನೀರಿಗೆ ಬಕೆಟ್ ಇಟ್ಟಿದ್ದೇವೆ, ನೆಲ ಒರೆಸಲು ಆಗುತ್ತದೆ. ಫ್ಯಾನು ಎರಡು ಬದಲಾಯಿಸಿದೆ, ಇನ್ನೆರಡು ದೀಪಾವಳಿಗೆ. ಮಗನ ಹುಟ್ಟುಹಬ್ಬಕ್ಕೆ ಬಿಸಾಡುವ ತಟ್ಟೆ ತರಲಿಲ್ಲ. ಸ್ಟೀಲ್ ತಟ್ಟೆ ಲೋಟ ಕೊಡುವ ತಟ್ಟೆ ಬ್ಯಾಂಕುಗಳು ಬೆಂಗಳೂರಿನಲ್ಲಿ ಇವೆ, ಅದಮ್ಯ ಚೇತನ ಸಂಸ್ಥೆಯದ್ದು ಒಂದು. ನಾವು ಮಾತ್ರ ಅಕ್ಕಪಕ್ಕದ ಮನೆಯಿಂದಲೇ ಮೂವತ್ತು ತಟ್ಟೆ ಒಟ್ಟು ಮಾಡಿದೆವು. ತಳದಲ್ಲಿ ಹೆಸರು ಕೆತ್ತಿದ್ದು ಒಳ್ಳೆಯದಾಯಿತು. ತೊಳೆದದ್ದು ನಾನು ಮತ್ತು ಭಾವ. ಎರಡು ತಟ್ಟೆ ಇನ್ನೂ ಯಾರದ್ದು ಅಂತ ಗೊತ್ತಾಗಿಲ್ಲ.

ಡಬ್ಬಿ ಇವತ್ತು ಬೆಳಿಗ್ಗೆ ಜಾಲರಿಯಲ್ಲಿ ಸೋಸಿದೆ. ಕಪ್ಪಗೆ, ಪುಡಿ ಪುಡಿ. ಮೊಟ್ಟೆ ಸಿಪ್ಪೆ, ಮಾವಿನ ಗೊರಟು ಮಾತ್ರ ಹಾಗೇ ಇದ್ದವು. ಐದು ಕೆ.ಜಿ. ಹತ್ತಿರ ಬಂತು. ಒಂದು ಕವರ್ ಕೆಳಗಿನ ಮನೆಯವರಿಗೆ ಕೊಟ್ಟೆ, ಅವರ ದಾಸವಾಳಕ್ಕೆ. ಮೂಸಿ ನೋಡಿ ತೆಗೆದುಕೊಂಡರು.

ಕೌದಿ, ಧಾರವಾಡ | 6:25

ಮೇಲ್ವಿಚಾರಕರಿಗೆ ನನ್ನ ನಮಸ್ಕಾರ ಹೇಳಿ.

ಸಂಶಯಪಿಶಾಚಿ, ತುಮಕೂರು | 7:02

ಆ ನಲ್ಲಿ ಜಾಲರಿ ಹಾಕಿಸಿದಿರಾ? ಎಷ್ಟಾಯಿತು? ಸುಮ್ನೆ ಕೇಳುತ್ತಿದ್ದೇನೆ, ಅಷ್ಟೇ.

ಎರಡನೇಮಹಡಿ | 7:20

ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದಕ್ಕೆ 120 ರೂಪಾಯಿ. ಹೋಗುವಾಗ ಹಳೇ ಮೂತಿ ಬಿಚ್ಚಿಕೊಂಡು ಹೋಗಿ, ತಿರುಪಿನ ಥ್ರೆಡ್ ಒಳಗಿದೆಯೋ ಹೊರಗಿದೆಯೋ ನೋಡಿ ಕೊಡುತ್ತಾರೆ. ರಬ್ಬರ್ ವಾಷರ್ ಜೊತೆಗೇ ಕೇಳಿ ತಗೊಳ್ಳಿ. ನಾನು ಬಿಟ್ಟು ಬಂದು ಎರಡು ಸಲ ಅಲೆದೆ.